ರ‍್ಯಾಮ್ ಹಾಕಿದ ಭಾನುವಾರ

11 ಜನವರಿ 2026, ಭಾನುವಾರ

ಮಗಳ ಓದಿಗೆ ಹೊಸ ಲ್ಯಾಪ್‌ಟಾಪ್ ಕೊಳ್ಳೋಣ ಎಂದು ಅಕ್ಟೋಬರ್‌ನಿಂದ ಮಾತಾಡುತ್ತಿದ್ದೆವು. ಒಂದನ್ನು ಆರಿಸಿ ಕಾರ್ಟಿಗೆ ಹಾಕಿಟ್ಟಿದ್ದೆ. ವರ್ಷದ ಕೊನೆಗೆ ಬೆಲೆ ಇಳಿದೀತು ಅಂತ ಕಾದೆ. ಇವತ್ತು ಬೆಳಿಗ್ಗೆ ನೋಡಿದರೆ ಅದೇ ಮಾಡೆಲ್, ಅದೇ ಬಣ್ಣ, ಬೆಲೆ ಮಾತ್ರ ಏರಿದೆ. 16 ಜಿಬಿ ರ‍್ಯಾಮ್ ಇರುವುದು ಬೇಕೆಂದರೆ ಇನ್ನೂ ಜಾಸ್ತಿ. ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ಮೆಮೊರಿಯೇ ರ‍್ಯಾಮ್.

ರ‍್ಯಾಮಿನ ಬೆಲೆ ಕೆಲವೇ ತಿಂಗಳಲ್ಲಿ ದುಪ್ಪಟ್ಟು ದಾಟಿದೆ. ಜಗತ್ತಿನ ಬಹುಪಾಲು ಮೆಮೊರಿ ಚಿಪ್ ಬರುವುದು ಮೂರೇ ಕಂಪನಿಗಳಿಂದ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಡೇಟಾ ಸೆಂಟರ್‌ಗಳಿಗೆ ಬೇಕಾದ ಎಚ್‌ಬಿಎಂ ಎಂಬ ಅತಿವೇಗದ ಮೆಮೊರಿಯಲ್ಲಿ ಅವರಿಗೆ ಲಾಭ ಹೆಚ್ಚು. ಆದರೆ ಒಂದು ಜಿಬಿ ಎಚ್‌ಬಿಎಂ ಮಾಡಲು ಮಾಮೂಲಿ ರ‍್ಯಾಮಿನ ಸುಮಾರು ಮೂರು ಪಟ್ಟು ಸಿಲಿಕಾನ್ ಹೋಗುತ್ತದೆ. ಅಷ್ಟು ಅತ್ತ ಹೋದರೆ ನಮ್ಮ ಪಾಲಿಗೆ ಉಳಿಯುವುದೆಷ್ಟು? ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಬ್ರ್ಯಾಂಡಿನ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಮನೆಯಲ್ಲಿ ಕೂತು ತಾವೇ ರ‍್ಯಾಮ್ ಹಾಕಿಕೊಳ್ಳುವವರು ವರ್ಷಗಟ್ಟಲೆ ನೆಚ್ಚಿಕೊಂಡಿದ್ದ ಹೆಸರು ಅದು. ಓದಿದ ದಿನ ತುಂಬಾ ಬೇಸರವಾಗಿತ್ತು.

ಇತ್ತ ಮನೆಯಲ್ಲಿರುವ 2017ರ ಲ್ಯಾಪ್‌ಟಾಪ್. ಏಳನೇ ತಲೆಮಾರಿನ ಇಂಟೆಲ್ ಪ್ರೊಸೆಸರ್, ಹಾಗಾಗಿ ವಿಂಡೋಸ್ 11 ಅದನ್ನು ಒಪ್ಪುವುದಿಲ್ಲ. ವಿಂಡೋಸ್ 10ರ ಬೆಂಬಲ ಕಳೆದ ಅಕ್ಟೋಬರ್ 14ಕ್ಕೆ ಮುಗಿಯಿತು. ಕೀಬೋರ್ಡ್ ಚೆನ್ನಾಗಿದೆ, ಪರದೆಯ ಮೇಲೆ ಒಂದು ಗೀರೂ ಇಲ್ಲ. ಸುಮ್ನೆ ಮೂಲೆಗೆ ಹಾಕಲು ಮನಸ್ಸು ಬರಲಿಲ್ಲ. ಕೊರತೆ ಇದ್ದದ್ದು ರ‍್ಯಾಮಿನದೇ, ಬರೀ 4 ಜಿಬಿ.

ಆಗ ಅಟ್ಟದ ಮೇಲಿನ ಕೆಟ್ಟುಹೋದ ಲ್ಯಾಪ್‌ಟಾಪ್ ನೆನಪಾಯಿತು. ಮದರ್‌ಬೋರ್ಡ್ ಸುಟ್ಟಿದೆ, ಆದರೆ ರ‍್ಯಾಮಿಗೇನಾಗಿದೆ? ಇಳಿಸಿ ಬಿಚ್ಚಿದೆವು. 8 ಜಿಬಿಯ, ಡಿಡಿಆರ್4 ಎಂಬ ತಲೆಮಾರಿನ ರ‍್ಯಾಮ್ ಸ್ಟಿಕ್ ಸಿಕ್ಕಿತು. ಎರಡರಲ್ಲೂ ಡಿಡಿಆರ್4 ಇದ್ದದ್ದು ನಮ್ಮ ಪುಣ್ಯ. ಹಳೆಯ ಡಿಡಿಆರ್3 ಆಗಿದ್ದರೆ ಅದರ ಕಚ್ಚು ಬೇರೆ ಜಾಗದಲ್ಲಿರುತ್ತದೆ, ಸ್ಲಾಟಿನಲ್ಲಿ ಕೂರುವುದೇ ಇಲ್ಲ.

ಮಗಳೇ ಹಾಕುತ್ತೇನೆ ಎಂದಳು. ಹಿಂಬದಿಯ ಹತ್ತು ಸ್ಕ್ರೂಗಳನ್ನು ತೆಗೆದ ಕ್ರಮದಲ್ಲೇ ಕಾಗದದ ಮೇಲೆ ಸಾಲಾಗಿ ಇಟ್ಟಳು. ಮೊದಲು ಬ್ಯಾಟರಿಯ ವೈರ್ ಬಿಡಿಸಿದೆವು. ಸ್ಟಿಕ್ಕನ್ನು ಓರೆಯಾಗಿ ತೂರಿಸಿ ಕೆಳಕ್ಕೆ ಒತ್ತಿದಾಗ ಎರಡೂ ಬದಿಯ ಕ್ಲಿಪ್ ಟಕ್ ಅಂತ ಕಚ್ಚಿಕೊಂಡವು. ಆನ್ ಮಾಡಿದರೆ ಪರದೆ ಕಪ್ಪು. ಎರಡು ನಿಮಿಷ ಕಾದರೂ ಏನೂ ಬರಲಿಲ್ಲ. ಅವಳ ಮುಖ ಸಣ್ಣದಾಯಿತು.

"ಅಪ್ಪಾ, ನಾನೇ ಕೆಡಿಸಿದೆನಾ?"

"ಇಲ್ಲಮ್ಮ. ನಿನ್ನ ರಬ್ಬರ್ ತಗೊಂಡು ಬಾ."

ಸ್ಟಿಕ್ಕಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಪೆನ್ಸಿಲ್ ಅಳಿಸುವ ರಬ್ಬರ್‌ನಿಂದ ಮೆತ್ತಗೆ ಉಜ್ಜಿದೆ. ಬಿಳಿ ರಬ್ಬರ್ ಬೂದುಬಣ್ಣಕ್ಕೆ ತಿರುಗಿತು. ಪುಡಿ ಒರೆಸಿ ಮತ್ತೆ ಕೂರಿಸಿದೆವು. ಈ ಸಲ ಪರದೆ ಬೆಳಗಿತು. ಮೆಮೊರಿ 12 ಜಿಬಿ! ಅವಳು ಕೂಗಿದ್ದು ಅಡುಗೆಮನೆಗೂ ಕೇಳಿಸಿತು.

ಮಧ್ಯಾಹ್ನ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ದುಡ್ಡು ಕೊಡಬೇಕಿಲ್ಲ, ಸೆಕ್ಯುರಿಟಿ ಅಪ್‌ಡೇಟೂ ಬರುತ್ತಿರುತ್ತದೆ. ಅವಳ ಬ್ರೌಸರ್, ಬರವಣಿಗೆ, ವಿಡಿಯೊ ಪಾಠ ಎಲ್ಲವೂ ನಡೆಯುತ್ತಿದೆ.

ಸಂಜೆ ಕಾರ್ಟಿನಲ್ಲಿದ್ದ ಹೊಸದರ ವಿವರವನ್ನು ಪೂರ್ತಿ ಓದಿದೆ. ಅದರ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದು. ಸ್ಲಾಟೇ ಇಲ್ಲ. ಅಂದರೆ ಮುಂದೆ ರ‍್ಯಾಮ್ ಅಗ್ಗವಾದರೂ ಹೆಚ್ಚಿಸಿಕೊಳ್ಳಲು ಆಗದು. ಕೆಟ್ಟರೆ ಇಡೀ ಬೋರ್ಡನ್ನೇ ಬದಲಿಸಬೇಕು. ತೆಳ್ಳಗಿರಲಿ, ಹಗುರವಾಗಿರಲಿ ಎಂದು ಹಾಗೆ ಮಾಡುತ್ತಾರೆ. ಬೆಲೆ ಇಷ್ಟು ಏರಿರುವಾಗ ಕೊಳ್ಳುವವರಿಗೆ ಇದು ದೊಡ್ಡ ಅನ್ಯಾಯ, ಅಲ್ವಾ? ಇಂಥ ವಿಷಯವನ್ನು ಬೆಲೆಯ ಪಕ್ಕದಲ್ಲೇ ದಪ್ಪಕ್ಷರದಲ್ಲಿ ಹಾಕಬೇಕು. ಇದು ಸಿಕ್ಕಿದ್ದು ಪುಟದ ಕೊನೆಯಲ್ಲಿ, ಸಣ್ಣಕ್ಷರದ ಒಂದು ಸಾಲಿನಲ್ಲಿ.

ಕಾರ್ಟಿನಿಂದ ತೆಗೆದುಹಾಕಿದೆ. ಅಟ್ಟದಿಂದ ಇಳಿಸಿದ ಲ್ಯಾಪ್‌ಟಾಪ್ ಇನ್ನೂ ಮೇಜಿನ ಮೇಲೇ ಇದೆ. ಅದರ ಫ್ಯಾನ್ ಇದಕ್ಕೆ ಕೂರುತ್ತದಾ ಅಂತ ಮಗಳು ಆಗಲೇ ಅಳತೆ ಹಿಡಿಯುತ್ತಿದ್ದಾಳೆ.