ಏರು ಇರುವ ಪಟಿಂಗ್ ಮ್ಯಾಟ್ ತಂದು ಕೆಟ್ಟೆ

ಮೊದಲೇ ಹೇಳಿಬಿಡುತ್ತೇನೆ, ನಾನು ದೊಡ್ಡ ಗಾಲ್ಫ್ ಆಟಗಾರನೇನಲ್ಲ. ತಿಂಗಳಿಗೆ ಎರಡು ಸಲ ಬೆಳಗಿನ ಜಾವ ಎದ್ದು, ಬೆಂಗಳೂರಿನ ಟ್ರಾಫಿಕ್ ಶುರುವಾಗುವ ಮುಂಚೆ ಕೋರ್ಸ್ ಸೇರಿಕೊಳ್ಳುವ ಗುಂಪಿನವನು. ಡ್ರೈವರ್, ಅಂದರೆ ಚೆಂಡನ್ನು ದೂರ ಹೊಡೆಯುವ ಕೋಲು, ಹಿಡಿದು ಜೋರಾಗಿ ಬೀಸುವುದರಲ್ಲೇ ಖುಷಿ. ಪಟಿಂಗ್, ಅಂದರೆ ಹೋಲಿನ ಹತ್ತಿರ ಬಂದ ಚೆಂಡನ್ನು ನೆಲದ ಮೇಲೆ ಉರುಳಿಸಿ ಒಳಗೆ ಹಾಕುವುದು, ಅದರ ಬಗ್ಗೆ ತಲೆ ಕೆಡಿಸಿಕೊಂಡಿದ್ದು ಒಂದು ದಿನ ಸ್ಕೋರ್ ಕಾರ್ಡ್ ಹಿಡಿದು ಎಣಿಸಿದ ಮೇಲೆ. ಪಾರ್ 72ರ, ಅಂದರೆ 72 ಹೊಡೆತದಲ್ಲಿ ಮುಗಿಸಬೇಕಾದ ಕೋರ್ಸಿನಲ್ಲಿ ಹೋಲಿಗೆ ಎರಡು ಪಟ್ ಅಂತಲೇ ಲೆಕ್ಕ, 18 ಹೋಲಿಗೆ 36, ಅಂದರೆ ಸರಿಯಾಗಿ ಅರ್ಧ. ನನ್ನದು ಅವತ್ತು 41 ಆಗಿತ್ತು.

2021ರ ಆಗಸ್ಟಿನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರಲ್ಲ, ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿತು. ಆ ಶನಿವಾರ ಗಾಲ್ಫ್ ಅಂದರೇನು ಅಂತ ಗೊತ್ತಿಲ್ಲದ ನಮ್ಮಮ್ಮ ಕೂಡ ಟಿವಿ ಮುಂದೆ ಕೂತಿದ್ದರು. ಡ್ರೈವ್‌ನಲ್ಲಿ ಜೊತೆಯವರ ಚೆಂಡು ಎಷ್ಟೋ ಮುಂದೆ ಹೋಗಿ ಬೀಳುತ್ತಿತ್ತು, ಇವರು ಗ್ರೀನ್‌ಗೆ, ಅಂದರೆ ಹೋಲಿನ ಸುತ್ತಲಿನ ನುಣುಪು ಹುಲ್ಲಿಗೆ ಬಂದು, ಪಟಿಂಗ್ ಮಾಡುವ ಕೋಲಾದ ಪಟರ್ ಹಿಡಿದು ಸಮ ಮಾಡಿಬಿಡುತ್ತಿದ್ದರು. ಅದನ್ನು ನೋಡಿಯೂ ನನಗೆ ಬುದ್ಧಿ ಬಂದಿರಲಿಲ್ಲ ಬಿಡಿ.

ಆಮೇಲೆ ಮನೆಯಲ್ಲೇ ಪಟಿಂಗ್ ಅಭ್ಯಾಸ ಮಾಡಲು ಒಂದು ಮ್ಯಾಟ್ ತರಿಸಿದೆ. ಆನ್‌ಲೈನ್‌ನಲ್ಲಿ ಚಿತ್ರ ಚೆನ್ನಾಗಿತ್ತು. ಒಂದು ಅಡಿ ಅಗಲ, ತುದಿಯಲ್ಲಿ ಮೇಲೇರುವ ಇಳಿಜಾರು, ಅದರ ಮೇಲೆ ಹೋಲು, ಪಕ್ಕದಲ್ಲಿ ಚೆಂಡು ತಾನಾಗಿಯೇ ವಾಪಸ್ ಬರುವ ಕಾಲುವೆ. ಅದನ್ನು ಹಾಲ್‌ನಲ್ಲಿ ಹಾಸಿದ ದಿನ ಅಮ್ಮ ಕೇಳಿದ್ದು, "ಇದೇನೋ, ಈ ವಯಸ್ಸಲ್ಲಿ ಚಾಪೆ ಹಾಸ್ಕೊಂಡು ಗೋಲಿ ಆಡ್ತೀಯಾ?"

ಎರಡು ತಿಂಗಳು ದಿನಾ ರಾತ್ರಿ ಆಡಿದೆ. ಮನೆಯಲ್ಲಿ ಹತ್ತಕ್ಕೆ ಎಂಟು ಒಳಗೆ ಬೀಳುತ್ತಿದ್ದವು. ಕೋರ್ಸಿಗೆ ಹೋದರೆ ಆರು ಅಡಿಯ ಪಟ್ ಹೋಲ್ ದಾಟಿ ಇನ್ನೂ ನಾಲ್ಕು ಅಡಿ ಮುಂದೆ ಹೋಗಿ ನಿಲ್ಲುತ್ತಿತ್ತು! ಕಾರಣ ಸುಲಭ, ನನಗೆ ಹೊಳೆಯಲು ಮಾತ್ರ ಎರಡು ತಿಂಗಳು ಬೇಕಾಯಿತು. ಆ ಏರು ಹತ್ತಬೇಕಾದರೆ ಚೆಂಡನ್ನು ಜಾಸ್ತಿ ಹೊಡೆಯಲೇಬೇಕು. ದಿನಕ್ಕೆ ನೂರು ಸಲ ಕೈಗೆ ಅದನ್ನೇ ಕಲಿಸಿದ್ದೆ. ಪಟಿಂಗ್ ಬಗ್ಗೆ ತುಂಬಾ ಕೆಲಸ ಮಾಡಿದ ಡೇವ್ ಪೆಲ್ಜ್ ಹೇಳಿದ ಪ್ರಕಾರ ಹೋಲ್ ತಪ್ಪಿದ ಚೆಂಡು 17 ಇಂಚು ದಾಟಿ ನಿಂತರೆ ಸರಿಯಾದ ವೇಗ. ನನ್ನದು ಅದರ ಎರಡೂವರೆ ಪಟ್ಟು ಮೀರಿ ಹೋಗುತ್ತಿತ್ತು. ಚೆಂಡು ವಾಪಸ್ ಬರುವುದು ಸುಖವೇ, ಇಲ್ಲ ಅನ್ನುವುದಿಲ್ಲ. ಆದರೆ ಬಗ್ಗಿ ಎತ್ತಿಕೊಳ್ಳುವುದಕ್ಕೆ ಏನು ಕಷ್ಟ ಸ್ವಾಮಿ?

ಎರಡನೇ ಮ್ಯಾಟ್ ಕೊಳ್ಳುವಾಗ ನೋಡಿದ್ದು ಮುಖ್ಯವಾಗಿ ಒಂದೇ, ವೇಗ. ಗ್ರೀನ್‌ನ ವೇಗ ಅಳೆಯಲು ಸ್ಟಿಂಪ್‌ಮೀಟರ್ ಅಂತ ಒಂದು ಸಾಧನ ಇದೆ. 1935ರಲ್ಲಿ ಎಡ್ವರ್ಡ್ ಸ್ಟಿಂಪ್ಸನ್ ಎಂಬ ಅಮೆರಿಕದ ಗಾಲ್ಫರ್ ಯೋಚಿಸಿ ಮಾಡಿದ್ದು. 36 ಇಂಚಿನ ಒಂದು ಪಟ್ಟಿ, ಅದರಲ್ಲಿ ಚೆಂಡು ಕೂರಲು ಒಂದು ಗುಳಿ. ನಿಧಾನಕ್ಕೆ ಎತ್ತುತ್ತಾ ಹೋದರೆ ಸುಮಾರು 20 ಡಿಗ್ರಿಗೆ ಬಂದಾಗ ಚೆಂಡು ಉರುಳುತ್ತದೆ, ಎಷ್ಟು ಅಡಿ ಹೋಗಿ ನಿಂತಿತೋ ಅದೇ ವೇಗದ ಅಂಕಿ. ನಾನು ಆಡುವ ಕಡೆ ಸುಮಾರು 9 ಇರುತ್ತದೆ ಅಂತ ಅಲ್ಲಿನ ಕ್ಯಾಡಿ, ಅಂದರೆ ಆಟಗಾರರ ಚೀಲ ಹೊರುವವನು, ಹೇಳಿದ.

ಮನೆಯಲ್ಲಿ ಉಳಿದಿದ್ದ ವೈರ್ ಹಾಕುವ ಪ್ಲಾಸ್ಟಿಕ್ ಪಟ್ಟಿಯಿಂದ ನಾನೇ ಒಂದು ಮಾಡಿಕೊಂಡೆ. ಕೆಳ ತುದಿಯಿಂದ 30 ಇಂಚಿಗೆ ಗುರುತು, ಆ ಗುರುತು ನೆಲದಿಂದ 10 ಇಂಚು ಎತ್ತರ ಬರುವ ಹಾಗೆ ಕೆಳಗೆ ಪುಸ್ತಕದ ರಾಶಿ. ಮೊದಲ ಪ್ರಯತ್ನದಲ್ಲಿ ಚೆಂಡು ಮ್ಯಾಟಿನ ಏರಿಗೇ ಹೋಗಿ ಬಡಿಯಿತು, ಆ ಮ್ಯಾಟಿನಲ್ಲಿ ಸಮ ಜಾಗ ಇದ್ದದ್ದೇ ಅಷ್ಟು. ಆಮೇಲೆ ಅದೇ ಪಟ್ಟಿಯಲ್ಲಿ ಅರ್ಧಕ್ಕೆ, ಅಂದರೆ 15 ಇಂಚಿಗೆ ಚೆಂಡಿಟ್ಟು ಬಿಟ್ಟು, ಬಂದ ದೂರವನ್ನು ಎರಡರಿಂದ ಗುಣಿಸಿದೆ. ಹಳೆಯ ಮ್ಯಾಟ್ 7ಕ್ಕೂ ಕಡಿಮೆ! ಏರಿನ ಜೊತೆಗೆ ಮ್ಯಾಟಿನ ಮೇಲೆ ಹುಲ್ಲಿನಂಥ ದಪ್ಪ ಜುಂಗು ಬೇರೆ.

ಈ ಪಟ್ಟಿ ಹಿಡಿದುಕೊಂಡೇ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ನಕ್ಕ, ಆಮೇಲೆ ತಾನೂ ಕೂತು ಅಳೆದ. ಮ್ಯಾಟನ್ನು ಎರಡೂ ದಿಕ್ಕಿನಿಂದ ಅಳೆಯಬೇಕು, ಯಾಕೆಂದರೆ ಜುಂಗು ಒಂದು ಕಡೆಗೆ ಮಲಗಿರುತ್ತದೆ, ಅದರ ಜೊತೆ ಹೋದರೆ ವೇಗ, ಎದುರು ಹೋದರೆ ನಿಧಾನ. ಕೈಯಲ್ಲಿ ಸವರಿದರೇ ಗೊತ್ತಾಗುತ್ತದೆ. ನಿಜವಾದ ಗ್ರೀನ್‌ನಲ್ಲೂ ಹೀಗೇ ಇರುತ್ತದೆ. ಗಾಲ್ಫಿನವರು ಬರ್ಮುಡಾ ಅಂತ ದೊಡ್ಡದಾಗಿ ಕರೆಯುವ ಹುಲ್ಲು ಬೇರೇನೂ ಅಲ್ಲ, ಗಣೇಶನಿಗೆ ಏರಿಸುವ ನಮ್ಮ ಗರಿಕೆಯ ಕುಲವೇ.

ಉದ್ದ ಹತ್ತು ಅಡಿ ಸಾಕು. ಅಮೆರಿಕದ ದೊಡ್ಡ ವೃತ್ತಿಪರ ಟೂರ್ನಿಗಳಾದ ಪಿಜಿಎ ಟೂರ್‌ನ ಆಟಗಾರರೇ ಎಂಟು ಅಡಿಯಿಂದ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ಹಾಕುತ್ತಾರೆ, ನಾವು ಮನೆಯಲ್ಲಿ ಇಪ್ಪತ್ತು ಅಡಿ ಹಾಸಿಕೊಂಡು ಏನು ಮಾಡೋಣ? ಅಗಲ ಮಾತ್ರ ಬೇಕು, ಸಾಧ್ಯವಾದರೆ ಮೂರು ಅಡಿ, ಪಾದವೂ ಮ್ಯಾಟಿನ ಮೇಲೇ ಇರಬೇಕು. ಚೆಂಡು ದಪ್ಪ ಫೋಮಿನ ಮೇಲೆ, ಕಾಲು ಕೆಳಗೆ ಟೈಲ್ಸ್ ಮೇಲೆ ಅಂದರೆ ನಿಲ್ಲುವ ರೀತಿಯೇ ಬದಲಾಗುತ್ತದೆ. ಮಡಚಿ ಡಬ್ಬಿಯಲ್ಲಿ ಹಾಕಿಕೊಡುವುದನ್ನು ತರಲೇಬೇಡಿ, ಆ ಗೆರೆ ಸುಲಭಕ್ಕೆ ಹೋಗುವುದಿಲ್ಲ, ಚೆಂಡು ಅಲ್ಲಿ ಬಂದು ಸೊಟ್ಟಗೆ ತಿರುಗುತ್ತದೆ. ಸುರುಳಿ ಸುತ್ತಿದ್ದು, ಕೆಳಗೆ ಭಾರದ ರಬ್ಬರ್ ಇರುವುದೇ ವಾಸಿ. ಹೋಲ್ ಕೊರೆದಿದ್ದರೆ ಅಳೆದು ನೋಡಿ. ನಿಯಮದ ಪ್ರಕಾರ 4.25 ಇಂಚು ಅಡ್ಡಗಲ.

ನಾನು ತಂದದ್ದರಲ್ಲಿ ಹೋಲೇ ಇಲ್ಲ. ಹತ್ತು ರೂಪಾಯಿ ನಾಣ್ಯ ಇಡುತ್ತೇನೆ, ಚೆಂಡು ಅದರ ಮೇಲೆ ಹಾದು ಒಂದೂವರೆ ಅಡಿಯೊಳಗೆ ನಿಲ್ಲಬೇಕು. ನನ್ನ ಪಟ್ಟಿಯ ಅರ್ಧದಿಂದ ಬಿಟ್ಟರೆ ಚೆಂಡು ನಾಲ್ಕು ಅಡಿ ಎಂಟು ಇಂಚು ಹೋಗುತ್ತದೆ, ಅಂದರೆ ಇದರ ವೇಗ ಒಂಬತ್ತರ ಮೇಲೆ ಸ್ವಲ್ಪ.

ಒಂದು ವಿಷಯ ಮರೆಯುತ್ತಿದ್ದೆ. ಹಾಸುವ ಮುಂಚೆ ನೆಲ ನೋಡಿಕೊಳ್ಳಿ. ಬಾಲ್ಕನಿ, ತಾರಸಿಯಲ್ಲಿ ನೀರು ಹರಿಯಲೆಂದು ಬೇಕಂತಲೇ ವಾಟ ಕೊಟ್ಟಿರುತ್ತಾರೆ, ಅಲ್ಲಿ ಹಾಸಿದರೆ ಪ್ರತಿ ಪಟ್ಟೂ ಮೋರಿ ಕಡೆಗೇ ಹೊರಳುತ್ತದೆ. ಹಾಲ್‌ನಲ್ಲೂ ಬರಿಯ ಟೈಲ್ಸ್ ಮೇಲೆ ಚೆಂಡು ಮೆಲ್ಲಗೆ ಬಿಟ್ಟು ಯಾವ ಕಡೆ ಎಳೆಯುತ್ತದೆ ನೋಡಿ. ನಮ್ಮದು ಸೋಫಾ ಕಡೆಗೆ ಎಳೆಯುತ್ತದೆ, ಹಾಗಾಗಿ ಊಟದ ಮೇಜು ಸರಿಸಿ ಆ ಜಾಗಕ್ಕೆ ಹೋದೆ. ಎರಡು ಅಡಿಯ ಟೈಲ್ಸ್ ಆದ್ದರಿಂದ ಅಳತೆ ಟೇಪೂ ಬೇಡ, ಐದು ಟೈಲ್ಸ್ ಅಂದರೆ ಹತ್ತು ಅಡಿ, ಸಂದಿನ ಗೆರೆಗೆ ಮ್ಯಾಟಿನ ಅಂಚು ಕೂರಿಸಿದರೆ ನೇರ.

ಹಳೆಯದರ ಏರು ಭಾಗವನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಗಾಳಿಗೆ ಬಾಲ್ಕನಿ ಬಾಗಿಲು ಬಡಿಯದ ಹಾಗೆ ಅಮ್ಮ ಅದನ್ನು ಅಡ್ಡ ಇಡುತ್ತಾರೆ.