ಹಸೀ ಬಿದರಾಗ ದೇವರು ಕೂಡಂಗಿಲ್ರಿ

ಈ ವಾರ ಹುಬ್ಬಳ್ಳಿಯ ಮೇದಾರ ಓಣಿಯಲ್ಲಿ ಬಿದ್ದ ಒಂದು ಮಾತು ಕಿವಿ ಬಿಟ್ಟು ಹೋಗುತ್ತಿಲ್ಲ. ಗಿರಾಕಿಗೆ ಲಕ್ಷ್ಮಿಯ ಫೋಟೊಕ್ಕೆ ಬಿದಿರಿನ ಕಟ್ಟು, ಅಂದರೆ ಫ್ರೇಮು, ಬೇಕಿತ್ತು. ಮೊಬೈಲಿನ ಚಿತ್ರದಲ್ಲಿದ್ದ ಹಾಗೇ ಹಸಿರಾಗಿ, ಅದೂ ನಾಳೆಗೆ. ಬುಟ್ಟಿಗೆ ದಬ್ಬೆ ಸೀಳುತ್ತಿದ್ದ ಅಜ್ಜಿ ತಲೆ ಎತ್ತಲಿಲ್ಲ. “ಹಸೀ ಬಿದರಾಗ ದೇವರು ಕೂಡಂಗಿಲ್ರಿ.”

ಗಿರಾಕಿ ನಕ್ಕು, ಐವತ್ತು ಹೆಚ್ಚು ಕೊಡ್ತೀನಿ ಅಂದರು. ಅಜ್ಜಿ ಅದನ್ನೇ ಮತ್ತೊಮ್ಮೆ ಅಂದರು: ಕೂಡಂಗಿಲ್ರಿ.

ಕೂಡುವುದಿಲ್ಲ, ನಿಜ. ಹಸಿ ಬಿದಿರು ಒಣಗುತ್ತಾ ಉದ್ದದಲ್ಲಿ ಅಷ್ಟಾಗಿ ಕುಗ್ಗದು, ದಪ್ಪದಲ್ಲಿ ಕುಗ್ಗುತ್ತದೆ. ಬಿಗಿದ ದಾರ ಸಡಿಲಾಗಿ, ಮೂಲೆಯಲ್ಲಿ ಕೂಡಿಸಿದ ಕಚ್ಚು ಅಲುಗಾಡಿ, ಗಾಜು ಜಾರುತ್ತದೆ. 8×10 ಇಂಚಿನ, 2 ಮಿ.ಮೀ. ಗಾಜೆಂದರೆ ಕಾಲು ಕೆ.ಜಿ. ಭಾರ. ಸಾಲದ್ದಕ್ಕೆ ಬಿದಿರಿನೊಳಗಿನ ಪಿಷ್ಟ ತಿನ್ನಲು ಹುಳ ಬರುತ್ತದೆ. ಫೋಟೊದ ಕೆಳಗೆ ಮೈದಾದಂಥ ಪುಡಿ ಉದುರಿದರೆ ಅದರದೇ ಕೆಲಸ. ಮೂರು ವರ್ಷ ಬಲಿತ ಬಿದಿರನ್ನು ಮಳೆಗಾಲ ಕಳೆದ ಮೇಲೆ ಕಡಿದು, ಮೂರು-ನಾಲ್ಕು ವಾರ ನೀರಲ್ಲಿ ಮುಳುಗಿಸಿಡಬೇಕು. ನೀರು ನಾರುತ್ತದೆ, ನಾರಲಿ. ಆಮೇಲೆ ನೆರಳಲ್ಲಿ ನಿಲ್ಲಿಸಿ ಒಂದೂವರೆ-ಎರಡು ತಿಂಗಳು. ನಮ್ಮ ಕಡೆಯ ಮಾರ್ಚ್ ಬಿಸಿಲಿಗಿಟ್ಟರೆ ಉದ್ದಕ್ಕೂ ಸೀಳುತ್ತದೆ.

ಫೋಟೊದ ಕಟ್ಟು ಮಾಡಲು ಟೊಳ್ಳಿಲ್ಲದ ಗಂಡು ಬಿದಿರೇ ಆಗಬೇಕು, ಒಂದಿಂಚು ದಪ್ಪ. 8×10ರ ಫೋಟೊಕ್ಕೆ 14.5 ಇಂಚಿನವು ಎರಡು, 12.5 ಇಂಚಿನವು ಎರಡು. ತುದಿಗಳು ಒಂದೂವರೆ ಇಂಚು ಹೊರಚಾಚುತ್ತವೆ. ಆ ತುದಿಯಲ್ಲಿ ಗೆಣ್ಣು ಸಿಕ್ಕರೆ ಪುಣ್ಯ, ಸೀಳು ಅಲ್ಲಿಗೇ ನಿಲ್ಲುತ್ತದೆ. ಕೊಯ್ಯುವಲ್ಲಿ ಟೇಪು ಸುತ್ತಿ, ಸಣ್ಣ ಹಲ್ಲಿನ ಗರಗಸ ಹಿಡಿಯಿರಿ. ಹಿಂಬದಿ ರಂದಾ ಹೊಡೆದು ಸಪಾಟು ಮಾಡಿ. ಕೂಡುವಲ್ಲಿ ಎರಡಕ್ಕೂ ಅರ್ಧ ದಪ್ಪ ಕಚ್ಚು. ನೇರವಾಗಿ ಮೊಳೆ ಹೊಡೆದವರ ಬಿದಿರು ಸೀಳಿಯೇ ಸೀಳುತ್ತದೆ, 3 ಮಿ.ಮೀ. ತೂತು ಕೊರೆದು ಬಿದಿರಿನದೇ ಗೂಟ ಬಡಿದು, ಮೇಲೆ ಸೆಣಬಿನ ಹುರಿ ಅಡ್ಡಡ್ಡ ಬಿಗಿಯಬೇಕು. ಗಾಜು ಕೂರಿಸಲು ಹಿಂದೆ ತೆಳು ಮರದ ಬೀಡಿಂಗ್ ಪಟ್ಟಿ, ಸುತ್ತಲೂ 2 ಮಿ.ಮೀ. ಸಂದು.

ಇಷ್ಟಾದ ಮೇಲೂ ಜನ ಕೇಳುವುದು ಬುಟ್ಟಿಯ ರೇಟು. ಒಣಗಿದ ಎರಡು ತಿಂಗಳಿಗೆ ಯಾರೂ ಲೆಕ್ಕ ಹಾಕುವುದಿಲ್ಲ. ಐವತ್ತು ರೂಪಾಯಿಗೆ ಬಿದಿರು ಬೇಗ ಒಣಗೀತು ಎಂದುಕೊಂಡ ಆ ಗಿರಾಕಿ ಕೆಟ್ಟವರೇನಲ್ಲ, ಅವಸರದವರು. ಹಸಿರೇ ಬೇಕಿದ್ದರೆ ಒಣ ಬಿದಿರಿಗೆ ಬಣ್ಣ ಹಚ್ಚಿಕೊಳ್ಳಲಿ. ಮೊದಲು ಸಿಪ್ಪೆಯ ಮೇಣ ಕೆರೆದು ತೆಗೆಯದಿದ್ದರೆ ಅದೂ ಪದರಾಗಿ ಎದ್ದು ಬರುತ್ತದೆ.