ಕೊಡಗಿನಿಂದ ಮೈಸೂರು ರೈಲ್ವೆ ಮ್ಯೂಸಿಯಂಗೆ: ರಾಣಿ ಬೋಗಿಗೂ ಮೊದಲು ನೋಡಬೇಕಾದ್ದು

ರೈಲು ಹಳಿಯೇ ಇಲ್ಲದ ಜಿಲ್ಲೆ ನಮ್ಮದು. ಮೈಸೂರು–ಕುಶಾಲನಗರ ನಡುವಿನ ಸುಮಾರು 87 ಕಿ.ಮೀ. ಮಾರ್ಗ ಇನ್ನೂ ಕಾಗದದ ಮೇಲೇ ಇದೆ. ಹಾಗಾಗಿ ಮಕ್ಕಳಿಗೆ ರೈಲು ತೋರಿಸಬೇಕೆಂದರೆ ಮಡಿಕೇರಿ, ಸೋಮವಾರಪೇಟೆ, ಗೋಣಿಕೊಪ್ಪದವರು ಹಿಡಿಯುವುದು ಮೈಸೂರಿನ ದಾರಿಯನ್ನೇ. ಹೋದವರು ಮಹಾರಾಣಿಯ ಬೋಗಿ ಮುಂದೆ ಫೋಟೊ ತೆಗೆಸಿಕೊಂಡು, ಪುಟಾಣಿ ರೈಲಿನಲ್ಲಿ ಒಂದು ಸುತ್ತು ಹಾಕಿ ಮೃಗಾಲಯಕ್ಕೆ ಓಡುತ್ತಾರೆ. ಅಷ್ಟಕ್ಕೇ ಆದರೆ ಇಷ್ಟು ದೂರದ ಬಸ್ಸು ದಂಡ.

ಮೊದಲು ಬಸ್ಸಿನ ವಿಷಯ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ಖಾಸಗಿ ಬಸ್ಸಿನ ಏಜೆಂಟರು ‘ಡೈರೆಕ್ಟ್, ಡೈರೆಕ್ಟ್’ ಎಂದು ಕೂಗಿ ಬ್ಯಾಗನ್ನು ಕೈಯಿಂದಲೇ ಕಸಿದುಕೊಂಡಾರು. ಆ ಡೈರೆಕ್ಟ್ ಬಸ್ಸು ಸುಂಟಿಕೊಪ್ಪ, ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ಎಲ್ಲ ಕಡೆ ಸೀಟು ತುಂಬುವ ತನಕ ಇಂಜಿನ್ ಗುರುಗುಟ್ಟಿಸುತ್ತಾ ನಿಲ್ಲುತ್ತದೆ. ಸರ್ಕಾರಿ ಬಸ್ಸಿಗೇ ಕಾಯಿರಿ. ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣ ಇಲ್ಲ, ಆಧಾರ್ ಕೈಯಲ್ಲಿರಲಿ. ರಾಜಹಂಸ, ಐರಾವತಕ್ಕೆ ಈ ಸೌಲಭ್ಯ ಅನ್ವಯಿಸುವುದಿಲ್ಲ. ಮೈಸೂರಲ್ಲಿ ಇಳಿದ ಮೇಲೆ ಆಟೋದವರಿಗೆ ‘ಮ್ಯೂಸಿಯಂ’ ಅನ್ನಬೇಡಿ, ಪ್ರವಾಸಿ ದರ ಹೇಳುತ್ತಾರೆ, ನಡುವೆ ರೇಷ್ಮೆ ಅಂಗಡಿಗೂ ಒಂದು ಸುತ್ತು ಹೊಡೆಸುತ್ತಾರೆ. ‘ಕೆಆರ್‌ಎಸ್ ರಸ್ತೆ, ಸಿಎಫ್‌ಟಿಆರ್‌ಐ ಹತ್ತಿರ’ ಅಂದರೆ ಸಾಕು. ಭಾನುವಾರ ಮತ್ತು ದಸರಾ ದಿನಗಳಲ್ಲಂತೂ ಬೇಡವೇ ಬೇಡ. ಬೋಗಿಗಿಂತ ಸೆಲ್ಫಿ ಕೋಲುಗಳೇ ಹೆಚ್ಚು ಕಾಣುತ್ತವೆ.

ಒಳಗೆ ಹೋದವರು ನೇರ 1925ರ ಆಸ್ಟಿನ್ ಕಾರಿನ ಬಳಿ ನಡೆಯಿರಿ. ರಸ್ತೆ ಮೇಲೆ ಓಡುತ್ತಿದ್ದ ಕಾರು ಇದು, ಆಮೇಲೆ ಹಳಿಗೆ ಇಳಿಯಿತು. ಮಕ್ಕಳನ್ನು ಕೂರಿಸಿ ಗಾಲಿಯ ಒಳಅಂಚು ತೋರಿಸಿ. ರಬ್ಬರ್ ಟೈರಿನ ಜಾಗದಲ್ಲಿ ಉಕ್ಕಿನ ಗಾಲಿ, ಅದರ ಒಳಬದಿಗೆ ಏರಿ ನಿಂತ ಅಂಚು. ಗಾಲಿ ಹಳಿ ಬಿಟ್ಟು ಜಾರದಂತೆ ತಡೆಯುವುದು ಆ ಅಂಚು; ಹಳಿ ತಿರುಗಿದತ್ತ ಗಾಡಿಯೂ ತಿರುಗುತ್ತದೆ, ಸ್ಟೇರಿಂಗಿಗೆ ಕೆಲಸವಿಲ್ಲ. ಉಕ್ಕಿನ ಮೇಲೆ ಉಕ್ಕು ಜಾರುವುದರಿಂದ ಬ್ರೇಕ್ ಹಾಕಿದರೆ ರಸ್ತೆಯಲ್ಲಿ ನಿಂತಷ್ಟು ಬೇಗ ನಿಲ್ಲುವುದೂ ಇಲ್ಲ. ಹೋಗುವಾಗ ಒಂದು ಟೇಪ್ ಒಯ್ಯಿರಿ. ಎರಡು ಹಳಿಗಳ ಒಳಅಂಚುಗಳ ನಡುವೆ ಅಳೆದರೆ ಮೀಟರ್ ಗೇಜಿಗೆ 1,000 ಮಿ.ಮೀ., ಇಂದಿನ ಬ್ರಾಡ್ ಗೇಜಿಗೆ 1,676 ಮಿ.ಮೀ. ಬೆಂಗಳೂರು–ಮೈಸೂರು ಮಾರ್ಗವೂ ಒಂದು ಕಾಲದಲ್ಲಿ ಮೀಟರ್ ಗೇಜೇ. ಅಗಲ ಬದಲಾದಾಗ ಹಳೆಯ ಬೋಗಿಗಳು ಎಷ್ಟೇ ಗಟ್ಟಿಯಿದ್ದರೂ ಅಲ್ಲಿಗೇ ನಿಂತವು.

ಮಹಾರಾಣಿಯ ಬೋಗಿ 1899ರದು, ಅಡುಗೆಮನೆ, ಊಟದ ಕೋಣೆ, ಶೌಚಾಲಯ ಎಲ್ಲ ಇದೆ. ಅರಮನೆ ವೈಭವ ಅಂತ ಮುಂದೆ ಹೋಗಬೇಡಿ. ಒಂದೇ ಬೋಗಿಯೊಳಗೆ ಮನೆ ಹೂಡುವ ಈ ಉಪಾಯವೇ ಬೇರೆ ಕಡೆ ಬಡವರ ಪಾಲಿಗೆ ಶಾಲೆ, ಆಸ್ಪತ್ರೆ ಆಯಿತು. ಆ ಕತೆ ಫಲಕದಲ್ಲಿ ಸಿಗದು, ಕರೆದೊಯ್ಯುವವರೇ ಹೇಳಬೇಕು.

ಕೆನಡಾದ ಉತ್ತರ ಒಂಟಾರಿಯೊದಲ್ಲಿ 1926ರಿಂದ 1967ರವರೆಗೆ ಶಾಲಾ ಬೋಗಿಗಳು ಓಡಿದವು. ಕಾಡಿನ ನಡುವೆ ಹಳಿ ಕಾಯುವವರು, ಮರ ಕಡಿಯುವವರ ಮಕ್ಕಳಿಗಾಗಿ. ಬೋಗಿಯ ಅರ್ಧ ತರಗತಿ, ಇನ್ನರ್ಧ ಮೇಷ್ಟ್ರ ಸಂಸಾರ. ಗೂಡ್ಸ್ ರೈಲು ಅದನ್ನು ಒಂದು ಪಕ್ಕದ ಹಳಿಗೆ ಬಿಟ್ಟುಹೋಗುತ್ತಿತ್ತು, ಕೆಲವು ದಿನ ಪಾಠ, ಮುಂದಿನ ಸಲ ಬರುವವರೆಗಿನ ಹೋಂವರ್ಕ್ ಕೊಟ್ಟು ಮುಂದಿನ ಊರಿಗೆ. ಫ್ರೆಡ್ ಸ್ಲೋಮನ್ ಎಂಬ ಮೇಷ್ಟ್ರು ಸುಮಾರು 40 ವರ್ಷ ಹೀಗೇ ಕಲಿಸಿದರು. ಅವರ ಬೋಗಿ ಕ್ಲಿಂಟನ್ ಪಟ್ಟಣದಲ್ಲಿ ಇಂದಿಗೂ ಇದೆ.

ನಮ್ಮ ದೇಶದ ‘ಲೈಫ್‌ಲೈನ್ ಎಕ್ಸ್‌ಪ್ರೆಸ್’ ಶುರುವಾದದ್ದು 1991ರಲ್ಲಿ, ಇಂಪ್ಯಾಕ್ಟ್ ಇಂಡಿಯಾ ಫೌಂಡೇಷನ್ನಿನಿಂದ, ರೈಲ್ವೆ ಕೊಟ್ಟ ಬೋಗಿಗಳಲ್ಲಿ. ಕಣ್ಣಿನ ಪೊರೆ, ಸೀಳುತುಟಿ, ಪೋಲಿಯೊದಿಂದ ಸೊಟ್ಟಗಾದ ಕಾಲಿನ ಆಪರೇಷನ್ ಅದರೊಳಗೇ. ಇಲ್ಲಿ ಎಡವುವುದು ಎಲ್ಲಿ ಅಂದರೆ: ಬೋಗಿಯ ಡೈನಮೊ ಗಾಲಿ ತಿರುಗಿದಾಗ ಮಾತ್ರ ಕರೆಂಟು ಕೊಡುತ್ತದೆ. ನಿಂತ ಬೋಗಿಗೆ ಜನರೇಟರೋ ನಿಲ್ದಾಣದ ಕರೆಂಟೋ ಬೇಕು, ನೀರು ಬೇಕು, ವಾರಗಟ್ಟಲೆ ಬಿಟ್ಟುಕೊಡಲು ಒಂದು ಪಕ್ಕದ ಹಳಿ ಬೇಕು. ಬಿಸಿಲಿಗೆ ಕಾದ ತಗಡಿನೊಳಗೆ ರೋಗಿಯನ್ನು ಮಲಗಿಸುವುದೂ ಸುಲಭವಲ್ಲ. 2020ರಲ್ಲಿ ಇದು ಎಲ್ಲರಿಗೂ ಗೊತ್ತಾಯಿತು. ಕೋವಿಡ್ಡಿಗೆಂದು ರೈಲ್ವೆ 5,000ಕ್ಕೂ ಹೆಚ್ಚು ಎಸಿ ಇಲ್ಲದ ಬೋಗಿಗಳನ್ನು ಬದಲಿಸಿತು. ನಡುವಿನ ಬರ್ತ್ ತೆಗೆದರು, ಒಂದು ಶೌಚಾಲಯವನ್ನು ಬಚ್ಚಲು ಮಾಡಿದರು, ಕಿಟಕಿಗೆ ಸೊಳ್ಳೆಪರದೆ ಬಡಿದರು, ಬೋಗಿಗೆ 16 ರೋಗಿಗಳು. ಬೇಸಿಗೆಯಲ್ಲಿ ಒಳಗಿನ ಸೆಕೆ ತಾಳಲಾರದೆ ಛಾವಣಿಗೆ ಬಿಳಿ ಬಣ್ಣ ಬಳಿಯಬೇಕಾಯಿತು. ಎಷ್ಟೋ ಬೋಗಿಗಳಿಗೆ ರೋಗಿಗಳೇ ಬರಲಿಲ್ಲ. ಇಂಥದ್ದು ಯಾವುದೂ ಕೊಡಗಿಗೆ ಬರುವಂತಿರಲಿಲ್ಲ ಅನ್ನುವುದನ್ನು ಮಕ್ಕಳಿಗೆ ಬಿಡಿಸಿ ಹೇಳಿ. ನಮ್ಮ ಹಾಡಿಗಳ, ಅಂದರೆ ಬುಡಕಟ್ಟು ಜನರ ಕೇರಿಗಳ, ಹತ್ತಿರ ಹೋಗುವುದು ಸಂಚಾರಿ ಆಸ್ಪತ್ರೆಯ ವ್ಯಾನು ಮಾತ್ರ.

ಊಟ ಮೈಸೂರಲ್ಲೇ ಆಗಬೇಕೆಂದೇನಿಲ್ಲ. ನಿಲ್ದಾಣದ ಸುತ್ತ ಕೆಲವು ಕಡೆ ತಣ್ಣನೆಯ ಪಲಾವಿಗೆ ಬಿಸಿ ಬಿಲ್ಲು. ಬೆಳಿಗ್ಗೆ ಹೊಟ್ಟೆ ತುಂಬಾ ತಿಂದು ಹೊರಟು, ಹಿಂದಿರುಗುವಾಗ ಬೈಲುಕುಪ್ಪೆ ಸೇರಿಕೊಳ್ಳಿ. ಟಿಬೆಟನ್ ಕ್ಯಾಂಪಿನ ಸಣ್ಣ ಹೋಟೆಲುಗಳಲ್ಲಿ ನಾಲ್ಕೈದು ಮೇಜು, ಗೋಡೆಗೆ ದಲೈ ಲಾಮಾ ಫೋಟೊ, ಅಡುಗೆಮನೆಯಿಂದ ಶುಂಠಿ ಬೆಳ್ಳುಳ್ಳಿ ಘಮ. ಥುಕ್ಪಾ ಹೇಳಿ: ದೊಡ್ಡ ಬೋಗುಣಿ, ಕೈಯಲ್ಲೇ ಎಳೆದ ನೂಡಲ್ಸ್, ತೆಳು ಸಾರು, ಮೇಲೆ ಈರುಳ್ಳಿ ಸೊಪ್ಪು. ಒಂದನ್ನು ಇಬ್ಬರು ಮಕ್ಕಳು ಹಂಚಿಕೊಂಡು ತಿನ್ನಬಹುದು. ಕೆಂಪು ಚಟ್ನಿ ಬೇರೆ ಬಟ್ಟಲಲ್ಲಿ ಬರುತ್ತದೆ. ಕಾಣಲು ಟೊಮೆಟೊ ಗೊಜ್ಜಿನಂತೆ ಇದ್ದರೂ ನಮ್ಮ ಗಾಂಧಾರಿ ಮೆಣಸಿಗೆ ಬಗ್ಗುವಂಥದ್ದಲ್ಲ, ಮೊದಲು ಚಮಚದ ತುದಿಯಲ್ಲಿ ನೋಡಿ. ಜೊತೆಗೆ ಟಿಂಗ್ಮೊ, ಅಂದರೆ ಹಬೆಯಲ್ಲಿ ಬೆಂದ ಪದರ ಪದರದ ಬನ್ನು, ತೆಗೆದುಕೊಂಡರೆ ಮಡಿಕೇರಿವರೆಗೆ ಹಸಿವೆಯ ಮಾತಿಲ್ಲ.

ಬೈಲುಕುಪ್ಪೆಗೆ ಕೊಪ್ಪದ ಗೇಟಿನಲ್ಲಿ ಇಳಿದು ಆಟೋ ಹಿಡಿಯಬೇಕು. ಸಂಜೆ ಕತ್ತಲಾದ ಮೇಲೆ ಅಲ್ಲಿ ಎಲ್ಲ ಬಸ್ಸೂ ನಿಲ್ಲಿಸುವುದಿಲ್ಲ. ಅದೇ ಆಟೋದಲ್ಲಿ ಕುಶಾಲನಗರ ಬಸ್ ಸ್ಟ್ಯಾಂಡಿಗೇ ಬಂದುಬಿಡಿ. ಸೋಮವಾರಪೇಟೆ ಕಡೆಯವರಿಗೂ ಅಲ್ಲಿಂದಲೇ ಅನುಕೂಲ. ವಿರಾಜಪೇಟೆ, ಗೋಣಿಕೊಪ್ಪದವರಿಗೆ ಇದು ಸುತ್ತು, ಅವರು ಥುಕ್ಪಾ ಆಸೆ ಬಿಟ್ಟು ಹುಣಸೂರಿನಲ್ಲೇ ತಿತಿಮತಿ ಬಸ್ಸು ಹತ್ತುವುದು ಒಳ್ಳೆಯದು.